ಯಾರ ಕೈ ಮೇಲು?

"ಮಾವ, ಮಯೂರ ಪಲ್ಲವರನ್ನ ಸೋಲಿಸಿದ. ಪಲ್ಲವರ ನರಸಿಂಹವರ್ಮ ಪುಲಕೇಶಿನ ಸೋಲಿಸಿದ. ಪುಲಕೇಶಿ ಹರ್ಷವರ್ಧನನ್ನ ಸೋಲಿಸಿದ. ಹಂಗಾದ್ರೆ ಮಯೂರನ ಮುಂದೆ ಹರ್ಷ ಏನೂ ಅಲ್ಲ, ಅಲ್ವಾ?"

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರು, ಕಲ್ಲುಕಂಬದ ಬುಡದಲ್ಲಿ ನಿಂತು ಅಕ್ಕನ ಮಗ ಈ ಲೆಕ್ಕ ಒಪ್ಪಿಸಿದ. ದೀಪಾವಳಿ ರಜೆಗೆ ಶಿರಾಳಕೊಪ್ಪದ ಅಕ್ಕನ ಮನೆಗೆ ಹೋದವನು, ಹುಡುಗ ಮೊಬೈಲಿನಿಂದ ತಲೆ ಎತ್ತಲಿ ಎಂದು ಬೈಕು ಹತ್ತಿಸಿಕೊಂಡು ಬಂದಿದ್ದೆ. ಪಿಯುಸಿ ಮೊದಲ ವರ್ಷ ಅವನದು. ಕಂಬದ ಮೇಲಿನ ಅಕ್ಷರ ಅವನಿಗೆ ಓದಲು ಬರದು, ನನಗೂ ಬರದು. ಶಾಲೆಯಲ್ಲಿ ಕಲಿತಿದ್ದಕ್ಕೆ ನಾನು ದಾರಿಯಲ್ಲಿ ಹೇಳಿದ್ದನ್ನು ಸೇರಿಸಿ, ಎರಡೇ ನಿಮಿಷದಲ್ಲಿ ಕದಂಬರ ಮೂಲಪುರುಷನನ್ನು ಉತ್ತರಾಪಥದ ಚಕ್ರವರ್ತಿಯ ತಲೆಯ ಮೇಲೆ ಕೂರಿಸಿಬಿಟ್ಟಿದ್ದ.

ಈ ಲೆಕ್ಕ ಅವನು ಇತಿಹಾಸದ ಪಾಠದಿಂದ ಕಲಿತದ್ದಲ್ಲ. ಅನಿಮೆಯಿಂದ ಕಲಿತದ್ದು. ಜಪಾನಿನ ಈ ಚಲಿಸುವ ಚಿತ್ರಕತೆಗಳನ್ನು ನೋಡುವ ಹುಡುಗರ ನಡುವೆ 'ಪವರ್ ಸ್ಕೇಲಿಂಗ್' ಎಂಬ ಮುಗಿಯದ ವಾಗ್ವಾದ ಒಂದಿದೆ. ಯಾವ ಪಾತ್ರಕ್ಕೆ ಎಷ್ಟು ಬಲ, ಎಂದೂ ಎದುರಾಗದ ಇಬ್ಬರು ಎದುರಾದರೆ ಯಾರ ಕೈ ಮೇಲು, ಯಾರು ಯಾವ ಮೆಟ್ಟಿಲಲ್ಲಿ ನಿಲ್ಲಬೇಕು? ಈ ಮೆಟ್ಟಿಲುಗಳ ಪಟ್ಟಿಗೆ ಅವರು ಟಿಯರ್ ಲಿಸ್ಟ್ ಅನ್ನುತ್ತಾರೆ. ಪಾತ್ರ ಕಣ್ಣೆದುರು ಮಾಡಿ ತೋರಿಸಿದ ಸಾಹಸಕ್ಕೆ ಫೀಟ್ ಎಂದು ಹೆಸರು. ಅದರ ಬಗ್ಗೆ ಬೇರೊಬ್ಬರು ಆಡಿದ ಮಾತು ಸ್ಟೇಟ್‌ಮೆಂಟ್. ಮೂಲ ಕತೆಗಾರ ಬರೆದದ್ದಷ್ಟೇ ಕ್ಯಾನನ್, ಉಳಿದದ್ದು ಲೆಕ್ಕಕ್ಕಿಲ್ಲ. ಕ ಎಂಬವನು ಚ ಎಂಬವನನ್ನು ಸೋಲಿಸಿ, ಚ ಟ ಎಂಬವನನ್ನು ಸೋಲಿಸಿದ್ದರೆ, ಕ ಮತ್ತು ಟ ಮುಖಾಮುಖಿಯಾಗದಿದ್ದರೂ ಕ ಮೇಲು. ಇಡೀ ಮನೆ ನಿಂತಿರುವುದು ಈ ಕೊನೆಯ ತೊಲೆಯ ಮೇಲೆ.

ದೊಡ್ಡವರು ಇದನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇದು ನಮಗೆ ಬಹಳ ಹಳೆಯ ಚಟ. ಅದರ ಪಟ್ಟುಗಳೂ ಅದರ ಮೋಸಗಳೂ ಈ ಕಂಬದ ಸುತ್ತಲ ಹತ್ತು ಮೈಲಿಯೊಳಗೇ ಸಿಗುತ್ತವೆ.

*

ಮೊದಲು ಜಪಾನಿನ ಮಾತು. ಬಲವನ್ನು ಅಂಕಿಯಲ್ಲಿ ಅಳೆಯುವ ರೂಢಿಯನ್ನು ಈ ಹುಡುಗರ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿದ್ದು ಅಕಿರಾ ತೊರಿಯಾಮಾ ಅವರ 'ಡ್ರ್ಯಾಗನ್ ಬಾಲ್'. 1984ರಿಂದ 1995ರವರೆಗೆ ಜಪಾನಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಚಿತ್ರಕತೆ ಇದು. ಟೀವಿಗೆ ಬಂದಾಗ ನಮ್ಮ ಊರುಗಳ ಒಂದು ತಲೆಮಾರು ಕೇಬಲ್ಲಿನಲ್ಲಿ ನೋಡಿ ಬೆಳೆಯಿತು. ಅದರಲ್ಲಿ ಅನ್ಯಗ್ರಹದಿಂದ ಬಂದ ಯೋಧರು ಒಂದು ಕಣ್ಣಿಗೆ ಗಾಜಿನ ಸಲಕರಣೆ ಕಟ್ಟಿಕೊಂಡಿರುತ್ತಾರೆ. ಸ್ಕೌಟರ್ ಎಂದು ಅದರ ಹೆಸರು. ಎದುರಿಗಿದ್ದವನ ಬಲ ಅದರಲ್ಲಿ ಅಂಕಿಯಾಗಿ ಮೂಡುತ್ತದೆ. ಭೂಮಿಗೆ ಇಳಿದ ಮೊದಲ ಯೋಧ ರಾಡಿಟ್ಸ್, ಬಂದೂಕು ಹಿಡಿದು ನಿಂತ ಒಬ್ಬ ರೈತನನ್ನು ಅಳೆಯುತ್ತಾನೆ. ಬಂದ ಅಂಕಿ 5. "ನಮ್ಮಪ್ಪಂದೂ ಅಷ್ಟೇ ಇರ್ಬೇಕು" ಎಂದು ಅಕ್ಕನ ಮಗ ನಗುತ್ತಾನೆ. ಅವರಪ್ಪ ಶುಂಠಿ, ಮೆಕ್ಕೆಜೋಳ ಬೆಳೆಯುವವರು.

ಮುಂದೆ ಅಂಕಿ ಏರುತ್ತ ಹೋಗುತ್ತದೆ. ನೂರುಗಳು ಸಾವಿರಗಳಾದವು. ಫ್ರೀಜಾ ಎಂಬ ಖಳ ಬರುವ ಹೊತ್ತಿಗೆ 5,30,000. ಕತೆಯ ಜೊತೆಗೆ ಬಂದ ಕೈಪಿಡಿಯೊಂದು ಅವನ ಪೂರ್ಣ ಬಲವನ್ನು 12 ಕೋಟಿ ಎಂದೂ, ರೂಪಾಂತರಗೊಂಡ ನಾಯಕ ಗೋಕುವಿನದು 15 ಕೋಟಿ ಎಂದೂ ಹೇಳಿತು. ಅಲ್ಲಿಂದಾಚೆಗೆ ಕತೆಯಲ್ಲಿ ಅಂಕಿಗಳೇ ಹೆಚ್ಚುಕಡಿಮೆ ಮರೆಯಾದವು. ಕತೆಗಾರ ಮೊದಲೇ ಒಂದು ಕೀಲು ಸಡಿಲ ಬಿಟ್ಟಿದ್ದ. ಭೂಮಿಯ ವೀರರು ತಮ್ಮ ಬಲವನ್ನು ಒಳಗೇ ಅಡಗಿಸಿಟ್ಟುಕೊಳ್ಳಬಲ್ಲರು, ಸ್ಕೌಟರ್ ತೋರಿಸುವುದು ಹೊರಗೆ ಬಿಟ್ಟಷ್ಟನ್ನು ಮಾತ್ರ. ಅಂಕಿ ನಂಬಿ ನುಗ್ಗಿದ ಶತ್ರುಗಳೆಲ್ಲ ಪೆಟ್ಟು ತಿನ್ನುತ್ತಾರೆ. ಅಳತೆಯನ್ನು ನಂಬಬೇಡಿ ಎಂದು ಹೇಳಲೆಂದೇ ತಂದ ಸಲಕರಣೆಯನ್ನು ಅಭಿಮಾನಿಗಳು ಅಳತೆಗೋಲಾಗಿಯೇ ಇಟ್ಟುಕೊಂಡರು.

ಇನ್ನೊಂದು ತಮಾಷೆ. ಗೋಕುವಿನ ಬಲ "ಒಂಬತ್ತು ಸಾವಿರ ದಾಟಿತು" ಎಂದು ಎದುರಾಳಿ ವೆಜಿಟಾ ಅಬ್ಬರಿಸುವ ಮಾತು ಜಗತ್ತಿನಾದ್ಯಂತ ಗಾದೆಯಾಗಿದೆ. ಮೂಲ ಜಪಾನಿಯಲ್ಲಿ ಅವನು ಹೇಳುವುದು ಎಂಟು ಸಾವಿರ. ಇಂಗ್ಲಿಷಿಗೆ ಧ್ವನಿ ಕೊಡುವಾಗ ಒಂದು ಸಾವಿರ ಜಾಸ್ತಿಯಾಯಿತು. ಈ ಸಂಗತಿಯನ್ನು ಇಲ್ಲಿಗೆ ಬಿಟ್ಟು ಕಂಬಕ್ಕೆ ಬರೋಣ. ಅಲ್ಲೂ ಇದಕ್ಕೆ ಕೆಲಸವಿದೆ.

*

ತಾಳಗುಂದದ ಹಳೆಯ ಹೆಸರು ಸ್ಥಾನಕುಂದೂರು. ಈ ಕಂಬದ ಶಾಸನವನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಇದು ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ. ಭಾಷೆ ಸಂಸ್ಕೃತ, ಕಾಲ ಐದನೆಯ ಶತಮಾನ, ಬರೆದ ಕವಿ ಕುಬ್ಜ. ಬರೆಸಿದ ದೊರೆ ಶಾಂತಿವರ್ಮ, ಅಂದರೆ ಮಯೂರಶರ್ಮನಿಂದ ನಾಲ್ಕು ತಲೆಮಾರು ಕೆಳಗಿನವನು.

ಇದು ಹೇಳುವ ಕತೆಯ ಹೊರರೇಖೆ ಎಲ್ಲರಿಗೂ ಗೊತ್ತು. 1975ರಲ್ಲಿ ರಾಜ್‌ಕುಮಾರ್ ಅವರ 'ಮಯೂರ' ಬಂದಮೇಲೆ ಗೊತ್ತಿಲ್ಲದವರೇ ಇಲ್ಲ. ಗುರು ವೀರಶರ್ಮನ ಜೊತೆ ಮಯೂರಶರ್ಮ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ದರ್ಭೆ ಹಿಡಿದು ಪಳಗಿದ ಕೈ ಕತ್ತಿ ಹಿಡಿಯಿತು. ಮುಂದೇನಾಯಿತು ಎಂದು ಕೇಳಿದರೆ ನಾವು "ಪಲ್ಲವರನ್ನು ಸೋಲಿಸಿ ರಾಜ್ಯ ಕಟ್ಟಿದ" ಎಂದುಬಿಡುತ್ತೇವೆ. ಕಂಬ ಹಾಗೆ ಹೇಳುವುದಿಲ್ಲ.

ಕುಬ್ಜನ ಪ್ರಕಾರ ಮಯೂರ ಮೊದಲು ಸೋಲಿಸಿದ್ದು ಪಲ್ಲವರ ಗಡಿಕಾವಲಿನವರನ್ನು. ಆಮೇಲೆ ಶ್ರೀಪರ್ವತದ ಬಾಗಿಲವರೆಗಿನ ದುರ್ಗಮ ಕಾಡು ಹಿಡಿದು ಕೂತ. ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ವಸೂಲಿ ಮಾಡಿದ. ಕಂಚಿಯಿಂದ ಸೈನ್ಯ ಹೊರಟಾಗ ಬಯಲಿನಲ್ಲಿ ಎದುರು ನಿಲ್ಲಲಿಲ್ಲ. ಅವರು ಬೀಡುಬಿಟ್ಟ ಕಡೆ ರಾತ್ರಿ ಹೊತ್ತು ಎರಗಿ ಕಾಡಿದ. ಇವನನ್ನು ಸುಲಭವಾಗಿ ತೊಡೆದುಹಾಕಲಾಗದು ಎಂದು ಮನಗಂಡ ಪಲ್ಲವರು ಇವನ ಶೌರ್ಯವನ್ನೂ ಕುಲವನ್ನೂ ನೋಡಿ ಸ್ನೇಹ ಬೆಳೆಸಿದರು. ಅವರ ಪರವಾಗಿ ಯುದ್ಧಗಳಲ್ಲಿ ದುಡಿದು ಮೆಚ್ಚುಗೆ ಪಡೆದ. ಕೊನೆಗೆ ಅವರೇ ಪಟ್ಟ ಕಟ್ಟಿ, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನಾಡು ಬಿಟ್ಟುಕೊಟ್ಟರು.

ಪಲ್ಲವ ದೊರೆ ಮಯೂರನ ಮುಂದೆ ಮಂಡಿಯೂರಿದ್ದು ಈ ಕಂಬದಲ್ಲಿ ಎಲ್ಲೂ ಇಲ್ಲ. ಇರುವುದು ಹಟ, ಕಾಡಿನ ಆಸರೆ, ರಾತ್ರಿಯ ಸಮಯ, ಆಮೇಲೊಂದು ರಾಜಿ. ಸರಪಳಿಯ ಮೊದಲ ಕೊಂಡಿಯೇ ಸಡಿಲ ಎಂದು ಹುಡುಗನಿಗೆ ಹೇಳಿದೆ. "ಹಂಗಾದ್ರೆ ಮಯೂರ ವೀಕಾ?" ಎಂದು ಮುಖ ಸಣ್ಣಗೆ ಮಾಡಿದ.

ವೀಕಲ್ಲ ಮಾರಾಯ. ಕಾಡಿನಲ್ಲಿ, ಕತ್ತಲೆಯಲ್ಲಿ, ಗಡಿಯಲ್ಲಿ ಅವನ ಕೈ ಮೇಲು. ಅದೇ ಮನುಷ್ಯನನ್ನು ಕಂಚಿಯ ಬಯಲಲ್ಲಿ ಹಗಲು ಹೊತ್ತು ಕುದುರೆ ಸೈನ್ಯದ ಎದುರು ನಿಲ್ಲಿಸಿದ್ದರೆ ಕದಂಬ ವಂಶ ಹುಟ್ಟುವ ಮೊದಲೇ ಮುಗಿಯುತ್ತಿತ್ತೋ ಏನೋ. ಅದು ಗೊತ್ತಿದ್ದವನಾದ್ದರಿಂದಲೇ ಅವನು ಬಯಲಿಗೆ ಇಳಿಯಲಿಲ್ಲ. ಬಲ ಎನ್ನುವುದು ಆಳಿನ ಮೈಯೊಳಗೆ ಇಟ್ಟ ಗಂಟಲ್ಲ. ಆಳು, ನೆಲ, ಹೊತ್ತು, ಎದುರಾಳಿ ಈ ನಾಲ್ಕೂ ಕೂಡಿದಾಗ ಹುಟ್ಟುವಂಥದು. ನಾಲ್ಕರಲ್ಲಿ ಒಂದು ಬದಲಾದರೂ ಲೆಕ್ಕ ಮೊದಲಿಂದ ಶುರು.

ಉಳಿದ ಕೊಂಡಿಗಳನ್ನೂ ಹಿಡಿದು ಜಗ್ಗಿ ನೋಡಬಹುದು. ಮಯೂರ ನಾಲ್ಕನೆಯ ಶತಮಾನದವನು, ಬಾದಾಮಿಗೆ ನುಗ್ಗಿದ ನರಸಿಂಹವರ್ಮ ಏಳನೆಯ ಶತಮಾನದವನು. 'ಪಲ್ಲವರು' ಎಂಬ ಹೆಸರೊಂದೇ, ಅದರೊಳಗಿನ ಜನ, ಸೈನ್ಯ, ಬೊಕ್ಕಸ ಎಲ್ಲ ಬೇರೆ. ಅನಿಮೆ ಹುಡುಗರೂ ಇಂಥ ತಪ್ಪು ಮಾಡುತ್ತಾರೆ. ಮೊದಲ ಕಂತಿನ ಗೋಕುವನ್ನು ಸೋಲಿಸಿದವನು ಕೊನೆಯ ಕಂತಿನ ಗೋಕುವಿಗಿಂತ ಮೇಲು ಎಂದು ವಾದಿಸುತ್ತಾರೆ.

ಇನ್ನು ಈ ಸರಪಳಿಯನ್ನು ಪೂರ್ತಿ ಎಳೆದರೆ ಅದು ಬಳೆಯಾಗಿಬಿಡುತ್ತದೆ. ಪುಲಕೇಶಿ ಪಲ್ಲವ ಮಹೇಂದ್ರವರ್ಮನನ್ನು ಹಿಮ್ಮೆಟ್ಟಿಸಿದ. ಮಹೇಂದ್ರನ ಮಗ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನೇ ಹಿಡಿದ. ಮುಂದಿನ ಶತಮಾನದಲ್ಲಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಹಿಡಿದ. ಹಿಡಿದು, ಲೂಟಿ ಮಾಡದೆ, ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟೆನೆಂದು ಅಲ್ಲಿಯೇ ಕನ್ನಡದಲ್ಲಿ ಕೆತ್ತಿಸಿದ. ಇವರಲ್ಲಿ ಯಾರು ಮೇಲು? ಕೇಳುವ ವರ್ಷದ ಮೇಲೆ ಉತ್ತರ ನಿಂತಿದೆ.

*

ಪವರ್ ಸ್ಕೇಲಿಂಗ್ ಮಾಡುವ ಹುಡುಗರಲ್ಲಿ ಜಾಣರಾದವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಈ ಮಾತು ಹೇಳಿದವರು ಯಾರು? ಪಾತ್ರ ತನ್ನ ಬಗ್ಗೆ ತಾನೇ ಕೊಚ್ಚಿಕೊಂಡರೆ ಅದಕ್ಕೆ ಬೆಲೆ ಕಡಿಮೆ, ಶತ್ರು ಒಪ್ಪಿಕೊಂಡರೆ ಜಾಸ್ತಿ. ಶಾಸನ ಓದುವವರ ಕಟ್ಟಳೆಯೂ ಇದೇ. ಪುಲಕೇಶಿ ಹರ್ಷನನ್ನು ತಡೆದ ಎಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಅವನು ಪುಲಕೇಶಿಯ ಆಸ್ಥಾನದವನು, ಹೇಳದೆ ಏನು ಮಾಡುತ್ತಾನೆ? ಆದರೆ ಹರ್ಷನ ಆದರ ಪಡೆದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ ಹರ್ಷನಿಗೆ ಪುಲಕೇಶಿಯನ್ನು ಮಣಿಸಲಾಗಲಿಲ್ಲ ಎಂದು ಬರೆದಿಟ್ಟ. ಉಂಡ ಮನೆಯ ಸೋಲನ್ನು ಒಪ್ಪಿಕೊಂಡ ಸಾಕ್ಷಿ ಅದು. ಪುಲಕೇಶಿಯ ಈ ಗೆಲುವನ್ನು ನಾವು ಧೈರ್ಯವಾಗಿ ನಂಬುವುದು ಇದರಿಂದ.

ಮಯೂರನಿಗೆ ಅಂಥ ಹೊರಗಿನ ಸಾಕ್ಷಿ ಇಲ್ಲ. ಅವನದೇ ಕಾಲದ್ದೆನ್ನುವ ಶಾಸನ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿದೆ. ಬಂಡೆಯ ಮೇಲಿನ ಮೂರು ಸಾಲು, ಪ್ರಾಕೃತ ಭಾಷೆ. ಎಂ.ಎಚ್. ಕೃಷ್ಣ ಅವರು ಓದಿದಂತೆ ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ ಎಂದು ಎಂಟು ಹೆಸರುಗಳ ಪಟ್ಟಿ ಬರುತ್ತದೆ. ಈ ಓದು ನಿಂತರೆ ಮಯೂರನ ಕೈ ಉತ್ತರದವರೆಗೂ ಚಾಚಿತ್ತು ಎಂದಾಗುತ್ತದೆ. ಆದರೆ ಸವೆದ ಬಂಡೆಯ ಅಕ್ಷರಗಳನ್ನು ಬೇರೆ ರೀತಿ ಓದಿದ ವಿದ್ವಾಂಸರಿದ್ದಾರೆ, ಒಮ್ಮತವಿಲ್ಲ. ಎಂಟು ಸಾವಿರವೋ ಒಂಬತ್ತು ಸಾವಿರವೋ ಎಂಬ ಜಗಳ ಇಲ್ಲಿಯೂ ಉಂಟು. ಒಂದಕ್ಷರದ ಮೇಲೆ ಒಂದು ಸಾಮ್ರಾಜ್ಯದ ಗಡಿ ಹಿಂದೆ ಮುಂದೆ ಸರಿಯುತ್ತದೆ.

ಕಾಲ ಹೋದಂತೆ ಏನಾಗುತ್ತದೆ ನೋಡಿ. ತಾಳಗುಂದದ ಕಂಬ ಮಯೂರನ ಹೆಸರಿನಲ್ಲಿ ಒಂದೂ ಅಶ್ವಮೇಧ ಹೇಳುವುದಿಲ್ಲ. ಕೆಲವು ತಲೆಮಾರಿನ ನಂತರದ ಶಾಸನಗಳಲ್ಲಿ ಅವನು ಹದಿನೆಂಟು ಅಶ್ವಮೇಧ ಮಾಡಿದವನಾಗುತ್ತಾನೆ. ಮನೆಯ ಹತ್ತಿರ ಕದಂಬ ಮರವಿತ್ತು, ಅದರಿಂದ ಈ ಹೆಸರು ಬಂತು ಎನ್ನುವುದು ಕುಬ್ಜನ ಸರಳ ವಿವರಣೆ. ಹಾನಗಲ್ಲು, ಗೋವೆಯ ಕದಂಬರ ಕಾಲಕ್ಕೆ ಮೂಲಪುರುಷ ಕದಂಬ ಮರದ ಕೆಳಗೆ ಶಿವನ ಬೆವರ ಹನಿಯಿಂದ ಹುಟ್ಟಿದ ಮುಕ್ಕಣ್ಣ, ತ್ರಿಲೋಚನ ಕದಂಬ. ಓದಲು ಹೋಗಿ ಜಗಳ ಮಾಡಿಕೊಂಡು ಬಂದ ಹುಡುಗನ ಜಾಗದಲ್ಲಿ ಹಣೆಗಣ್ಣಿನ ದೇವಪುತ್ರ. ಹೊಸ ಖಳ ಬಂದಂತೆಲ್ಲ ನಾಯಕನಿಗೆ ಹೊಸ ರೂಪಾಂತರ ಕೊಡುವ ಜಪಾನೀ ಕತೆಗಾರನ ಕಷ್ಟ ನಮ್ಮ ಶಾಸನಕವಿಗಳಿಗೂ ಇತ್ತು.

ಪಕ್ಕದ ಬಳ್ಳಿಗಾವೆಗೆ ಹೋದರೆ ಇದರ ಇನ್ನೂ ಸೊಗಸಾದ ಉದಾಹರಣೆ ಇದೆ. ಅಲ್ಲಿಯ ಶಾಸನಗಳಲ್ಲಿ ಮತ್ತೆಮತ್ತೆ ಬರುವ ಕಲ್ಯಾಣ ಚಾಲುಕ್ಯ ದೊರೆಗಳ ಬಿರುದು ಗಮನಿಸಿ. ಎರಡನೆಯ ಜಯಸಿಂಹ 'ಜಗದೇಕಮಲ್ಲ', ಜಗತ್ತಿಗೆ ಒಬ್ಬನೇ ಜಟ್ಟಿ. ಮಗ ಸೋಮೇಶ್ವರ 'ತ್ರೈಲೋಕ್ಯಮಲ್ಲ', ಈಗ ಮೂರು ಲೋಕ. ಮೊಮ್ಮಕ್ಕಳಲ್ಲಿ ದೊಡ್ಡವನು 'ಭುವನೈಕಮಲ್ಲ', ಚಿಕ್ಕವನು ಆರನೆಯ ವಿಕ್ರಮಾದಿತ್ಯ 'ತ್ರಿಭುವನಮಲ್ಲ'. ಅಣ್ಣನಿಗೆ ಒಂದು ಭುವನ, ತಮ್ಮನಿಗೆ ಮೂರು. 1076ರಲ್ಲಿ ತಮ್ಮ ಅಣ್ಣನನ್ನು ಇಳಿಸಿ ಸಿಂಹಾಸನ ಹತ್ತಿದ. ಹಳ್ಳಿ ಒಡೆಯುವ ಬಲ, ಗ್ರಹ ಒಡೆಯುವ ಬಲ, ಬ್ರಹ್ಮಾಂಡ ಒಡೆಯುವ ಬಲ ಎಂದು ಇಂದಿನ ಹುಡುಗರು ಮಾಡುವ ಮೆಟ್ಟಿಲುಗಳನ್ನು ಸಾವಿರ ವರ್ಷದ ಹಿಂದೆ ನಮ್ಮವರು ಕಲ್ಲಲ್ಲೇ ಕೆತ್ತಿದ್ದರು. ಅಕ್ಕನ ಮಗನಿಗೆ ಇದು ಬಹಳ ಹಿಡಿಸಿತು. "ತ್ರಿಭುವನಮಲ್ಲ ಅಂದ್ರೆ ಮಲ್ಟಿವರ್ಸ್ ಲೆವೆಲ್" ಎಂದು ತಕ್ಷಣ ಅನುವಾದವನ್ನೂ ಮಾಡಿದ.

*

ಟಿಯರ್ ಲಿಸ್ಟ್ ಎಂಬ ಪದ ಹೊಸದು, ಪಟ್ಟಿ ಹೊಸದಲ್ಲ. ಚುನಾವಣೆಯ ಮರುದಿನ ಪತ್ರಿಕೆಗಳು "ಅತಿರಥ ಮಹಾರಥರಿಗೆ ಸೋಲು" ಎಂದು ತಲೆಬರಹ ಕೊಡುತ್ತವಲ್ಲ, ಅದು ಇಂಥ ಪಟ್ಟಿಯಿಂದಲೇ ಬಂದದ್ದು. ಮಹಾಭಾರತದ ಉದ್ಯೋಗಪರ್ವದಲ್ಲಿ ಯುದ್ಧಕ್ಕೆ ಮುನ್ನ ದುರ್ಯೋಧನ ಭೀಷ್ಮನನ್ನು ಕೇಳುತ್ತಾನೆ: ಎರಡೂ ಕಡೆ ಯಾರು ಯಾವ ದರ್ಜೆಯವರು ಹೇಳು. ಅಜ್ಜ ಒಬ್ಬೊಬ್ಬರನ್ನಾಗಿ ಎಣಿಸುತ್ತಾನೆ. ಇವನು ರಥ, ಇವನು ಅತಿರಥ, ಇವನು ಮಹಾರಥ. ಭೀಮ ಒಬ್ಬನೇ ಎಂಟು ರಥರಿಗೆ ಸಮ ಎಂದು ಅಂಕಿಯನ್ನೂ ಕೊಡುತ್ತಾನೆ. ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ತರವಲ್ಲ ಎಂದು ತನ್ನ ಹೆಸರನ್ನು ಪಟ್ಟಿಯಿಂದ ಹೊರಗಿಡುತ್ತಾನೆ. ಕರ್ಣನ ಸರದಿ ಬಂದಾಗ "ಅರ್ಧರಥ" ಎನ್ನುತ್ತಾನೆ.

ಭೀಷ್ಮ ಕಾರಣವನ್ನೂ ಕೊಡುತ್ತಾನೆ ಎಂಬುದನ್ನು ನಾವು ಮರೆಯುತ್ತೇವೆ. ಪರಶುರಾಮನ ಶಾಪ, ಬ್ರಾಹ್ಮಣನ ಶಾಪ, ಕವಚ ಕುಂಡಲ ಕಳೆದುಕೊಂಡದ್ದು. ಅಂದರೆ ಕರ್ಣನ ಹುಟ್ಟುಬಲವನ್ನು ಅವನು ಅಳೆಯುತ್ತಿಲ್ಲ, ಈ ಯುದ್ಧದಲ್ಲಿ, ಈ ಸ್ಥಿತಿಯಲ್ಲಿ ಎಷ್ಟು ಕೈಗೆ ಬರುತ್ತದೆ ಎಂದು ಅಳೆಯುತ್ತಿದ್ದಾನೆ. ಲೆಕ್ಕ ಸರಿಯೇ ಇರಬಹುದು. ಹೇಳಿದ ಜಾಗ ಸರಿಯಿರಲಿಲ್ಲ. ಕರ್ಣ ಸಿಡಿದು, ಭೀಷ್ಮ ಬೀಳುವವರೆಗೆ ಆಯುಧ ಹಿಡಿಯುವುದಿಲ್ಲ ಎಂದು ಶಪಥ ಮಾಡಿದ. ಹತ್ತು ದಿನ ಕೌರವರ ಪಾಳೆಯದಲ್ಲಿ ಒಬ್ಬ ಬಿಲ್ಲುಗಾರ ಕಮ್ಮಿ. ಒಂದು ಪಟ್ಟಿ ಮಾಡಿದ ನಷ್ಟ ಅದು.

ಆಮೇಲೆ ಕನ್ನಡದ ಕವಿಗಳು ಬಂದು ಪಟ್ಟಿಯನ್ನು ತಮ್ಮತಮ್ಮ ದೊರೆಗೆ ತಕ್ಕಂತೆ ತಿದ್ದಿದರು. 941ರ ಸುಮಾರಿಗೆ ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ಭಾರತದ ನಾಯಕ ಅರ್ಜುನನಾದ. ಮುಂದಿನ ತಲೆಮಾರಿನ ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ, ನಾಯಕ ಭೀಮನಾದ. ಅದೇ ಕುರುಕ್ಷೇತ್ರ, ಅದೇ ಹದಿನೆಂಟು ದಿನ, ನಾಯಕ ಮಾತ್ರ ಬೇರೆ. ಆದರೆ ಇಬ್ಬರೂ ದೊಡ್ಡ ಕವಿಗಳು. ಪಂಪ ಕರ್ಣನಿಗಾಗಿ, ರನ್ನ ದುರ್ಯೋಧನನಿಗಾಗಿ ಕರಗುತ್ತಾರೆ. ದೊರೆಗೆ ಸಲ್ಲಬೇಕಾದ ಮೇಲಿನ ಮೆಟ್ಟಿಲು ಸಲ್ಲಿಸಿ, ಓದುಗನ ಮನಸ್ಸನ್ನು ಸೋತವನ ಕಡೆಗೆ ತಿರುಗಿಸಿದರು.

*

ವಾದದ ಕಲೆಯೇ ಬೇಕೆಂದರೆ ತಾಳಮದ್ದಳೆಗೆ ಹೋಗಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. 'ಕೃಷ್ಣಾರ್ಜುನ ಕಾಳಗ' ಪ್ರಸಂಗದಲ್ಲಿ ಗಯನೆಂಬ ಗಂಧರ್ವ ಉಗುಳಿದ ತಾಂಬೂಲ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೃಷ್ಣ ಅವನನ್ನು ಕೊಲ್ಲುವ ಶಪಥ ಮಾಡಿದರೆ, ಅತ್ತ ಅರ್ಜುನ ವಿಷಯ ತಿಳಿಯದೆ ಅವನಿಗೆ ಅಭಯ ಕೊಟ್ಟುಬಿಡುತ್ತಾನೆ. ಪ್ರಾಣಸ್ನೇಹಿತರು ಎದುರಾಗಲೇಬೇಕು. 'ಶರಸೇತು ಬಂಧನ'ದಲ್ಲಿ ರಾಮಾಯಣದ ಹನುಮಂತನಿಗೂ ಭಾರತದ ಅರ್ಜುನನಿಗೂ ಜಟಾಪಟಿ. ಎರಡು ಕತೆಗಳ ವೀರರನ್ನು ಎದುರು ನಿಲ್ಲಿಸಿ ನೋಡುವ ಆಸೆ ಜಪಾನಿನವರಿಗಷ್ಟೇ ಹುಟ್ಟಿದ್ದಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ವಾಲಿಯ ಪಾತ್ರವೇ ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅಂಥವನಿಗೆ ಸ್ಕೌಟರ್ ಹಿಡಿದರೆ ಯಾವ ಅಂಕಿ ಬರಬೇಕು? ಒಬ್ಬನೇ ಇದ್ದಾಗ ಒಂದು, ಸುಗ್ರೀವ ಎದುರಾದಾಗ ಒಂದು, ರಾವಣ ಎದುರಾದಾಗ ಇನ್ನೊಂದು. ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಇದಕ್ಕೇ ಎಂದು ರಾಮನ ಕಡೆಯವರು, ಹಾಗಾದರೆ ಎದುರು ನಿಲ್ಲಲು ಅಂಜಿದ ಎಂದಾಯಿತಲ್ಲ ಎಂದು ವಾಲಿಯ ಕಡೆಯವರು. ರಾತ್ರಿ ಬೆಳಗಾದರೂ ಮುಗಿಯದ ವಾದ.

ಆದರೆ ಒಂದು ಕಟ್ಟಳೆಯನ್ನು ಯಾರೂ ಮುರಿಯುವುದಿಲ್ಲ. ಪ್ರಸಂಗದ ಪದ್ಯ ಹೇಳಿದ ಫಲಿತಾಂಶವನ್ನು ಅರ್ಥಧಾರಿ ಬದಲಿಸುವಂತಿಲ್ಲ. ವಾಲಿ ಮಾತಿನಲ್ಲಿ ರಾಮನನ್ನು ಕಟ್ಟಿಹಾಕಬಹುದು, ಸಭೆ ಚಪ್ಪಾಳೆ ತಟ್ಟಬಹುದು, ಪದ್ಯ ಬಂದಾಗ ವಾಲಿ ಬೀಳಲೇಬೇಕು. ಕಾಳಗ ಗೆಲ್ಲುವುದು ಕವಿ ಬರೆದಿಟ್ಟ ಸಂಗತಿ, ವಾದ ಗೆಲ್ಲುವುದು ಕೂತಲ್ಲಿ ದುಡಿದು ಪಡೆಯುವ ಸಂಗತಿ. ತಾಳಮದ್ದಳೆಯ ಸಭಿಕರಿಗೆ ಈ ಎರಡರ ವ್ಯತ್ಯಾಸ ಗೊತ್ತು.

ಇದು ಗೊತ್ತಿಲ್ಲದೆ ಅನಿಮೆ ಅಭಿಮಾನಿಗಳು ಒದ್ದಾಡುತ್ತಾರೆ. ಗೆಗೆ ಅಕುತಾಮಿ ಅವರ 'ಜುಜುತ್ಸು ಕೈಸೆನ್' ಕತೆಯಲ್ಲಿ ಎಲ್ಲರಿಗಿಂತ ಬಲಶಾಲಿ ಎಂದು ಬಿಂಬಿಸಲಾಗಿದ್ದ ಗೋಜೋ, 2023ರ ಸೆಪ್ಟೆಂಬರಿನ ಕಂತಿನಲ್ಲಿ ಖಳ ಸುಕುನಾನ ಕೈಯಲ್ಲಿ ಸತ್ತ. ಜಗತ್ತಿನ ಮೂಲೆಮೂಲೆಯ ಹುಡುಗರು ಸಿಟ್ಟಾದರು. ನಮ್ಮ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅಕ್ಕ ಫೋನ್ ಮಾಡಿದ್ದಳು. ವಾಲಿಯ ಕಡೆಯವರಿಗೆ ಆದದ್ದೇ ಇವನಿಗೂ ಆಗಿತ್ತು. ಆ ಹೊತ್ತಿಗೊಂದು ಒಳ್ಳೆಯ ತಾಳಮದ್ದಳೆ ಸಿಕ್ಕಿದ್ದರೆ, ಗೋಜೋ ಸೋತರೂ ಗೋಜೋನ ಪರ ವಾದ ಗೆಲ್ಲಬಹುದು ಎಂದು ಅವನಿಗೆ ತಿಳಿಯುತ್ತಿತ್ತು.

*

ಕಂಬ ನೋಡಿ ಶಿರಾಳಕೊಪ್ಪಕ್ಕೆ ವಾಪಸಾಗಿ ಹೋಟೆಲಿನಲ್ಲಿ ಚಾ ಕುಡಿಯುವಾಗ ಪಕ್ಕದ ಟೇಬಲ್ಲಿನಲ್ಲಿ ಜೋರು ಗಲಾಟೆ. ದೀಪಾವಳಿ ಕಳೆಯುತ್ತಿದ್ದಂತೆ ಶಿಕಾರಿಪುರ, ಸೊರಬ, ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಕಟ್ಟಿ, ಜೂಲ ಹೊದಿಸಿ, ಬಲೂನು ಬಿಗಿದು ಅಖಾಡಕ್ಕೆ ಬಿಟ್ಟ ಹೋರಿಯನ್ನು ಹಿಡಿದು ಕೊಬ್ಬರಿ ಕಿತ್ತವನು ಗೆದ್ದ, ಯಾರ ಕೈಗೂ ಸಿಗದೆ ಪಾರಾದರೆ ಹೋರಿ ಗೆದ್ದಿತು. ಹೋರಿಗಳಿಗೆ ಸಿನಿಮಾ ನಾಯಕರಂತೆ ಬಿರುದು, ಬ್ಯಾನರು, ಒಂದೇ ಬಣ್ಣದ ಅಂಗಿ ತೊಟ್ಟ ಅಭಿಮಾನಿಗಳು. ಪಕ್ಕದ ಟೇಬಲ್ಲಿನವರ ವಾದ, ಎಂದೂ ಒಂದೇ ಅಖಾಡದಲ್ಲಿ ಓಡದ ಎರಡು ಹೋರಿಗಳಲ್ಲಿ ಯಾವುದು ಮೇಲು ಎಂಬುದು.

ನಮ್ಮ ಹುಡುಗ ಕಿವಿ ನಿಮಿರಿಸಿ ಕೇಳಿದ. ಅವರು ಅಂಕಿ ಹೇಳಲಿಲ್ಲ. ಆ ಅಖಾಡ ಅಗಲ, ಇದು ಇಕ್ಕಟ್ಟು. ಅಲ್ಲಿ ಮಳೆ ಬಿದ್ದು ನೆಲ ಜಾರುತ್ತಿತ್ತು. ಅವತ್ತು ಹಿಡಿಯುವ ಹುಡುಗರು ಪಳಗಿದವರು, ಇಲ್ಲಿ ಬಂದವರು ಹೊಸಬರು. ಆ ಹೋರಿಗೆ ಆಗ ಹರೆಯ, ಈಗ ವಯಸ್ಸಾಯಿತು. ಒಬ್ಬ ಹಿರಿಯ ಕೊನೆಗೆ ಹೇಳಿದ: "ಓಡಿದ್ ದಿವ್ಸ ಅದೇ ದೊಡ್ದು ಕಣ್ರೋ." ಆಳು, ನೆಲ, ಹೊತ್ತು, ಎದುರಾಳಿ ಎಂದು ಕಂಬದ ಬುಡದಲ್ಲಿ ನಾನು ಅರ್ಧ ಗಂಟೆ ಹೇಳಿದ್ದನ್ನು ಅವನು ಒಂದೇ ಮಾತಲ್ಲಿ ಮುಗಿಸಿದ.

ಹಾಗಾದರೆ ಪವರ್ ಸ್ಕೇಲಿಂಗ್ ಬಿಡಬೇಕೆ? ಬೇಡ. ಚೆನ್ನಾಗಿ ಮಾಡಿದರೆ ಅದು ಒಳ್ಳೆಯ ಸಾಧನೆ. ಹೇಳಿದವರು ಯಾರು, ಯಾವಾಗ, ಯಾರ ಅನ್ನ ಉಂಡು ಹೇಳಿದರು, ಮೂಲದಲ್ಲಿ ಏನಿದೆ, ಅನುವಾದದಲ್ಲಿ ಏನು ಸೇರಿತು ಎಂದು ಹದಿನಾರರ ಹುಡುಗನೊಬ್ಬ ಕೇಳಲು ಕಲಿತರೆ ಅವನು ಶಾಸನವನ್ನೂ ಓದಬಲ್ಲ, ಚುನಾವಣಾ ಭಾಷಣವನ್ನೂ ಓದಬಲ್ಲ. ಅಂಕಿಯೊಂದನ್ನೇ ಹಿಡಿದು ಕೂತರೆ ಮಾತ್ರ ಸ್ಕೌಟರ್ ನಂಬಿ ಪೆಟ್ಟು ತಿಂದವರ ಸಾಲಿಗೆ ಸೇರುತ್ತಾನೆ.

ಮನೆಗೆ ಹೊರಡುವಾಗ ಹುಡುಗ ಕೇಳಿದ: "ಆ ಕಂಬ ಮಯೂರನ ಗೆಲುವಿಗೆ ಅಂತಾನೇ ನಿಲ್ಸಿದ್ದಾ ಮಾವ?"

ಅಲ್ಲ. ಮಯೂರನ ಮರಿಮಗ ಕಾಕುಸ್ಥವರ್ಮ ತಾಳಗುಂದದ ಶಿವಾಲಯಕ್ಕೆ ಒಂದು ಕೆರೆ ಕಟ್ಟಿಸಿದ. ಅದನ್ನು ದಾಖಲಿಸಲು ಮಗ ಶಾಂತಿವರ್ಮ ಬರೆಸಿದ ಶಾಸನ ಅದು. ಕಂಚಿಯ ಜಗಳ, ಕಾಡಿನ ರಾತ್ರಿಗಳು, ಪಟ್ಟ, ಎಲ್ಲವೂ ಆ ಕೆರೆಯ ಸುದ್ದಿಗೆ ಪೀಠಿಕೆ. ಚಂದ್ರವಳ್ಳಿಯ ಬಂಡೆಯೂ ಅಷ್ಟೇ. ಎಂಟು ಹೆಸರುಗಳ ಆ ಬಿರುಸಾದ ಪಟ್ಟಿಯ ಜೊತೆ ಅದು ದಾಖಲಿಸುವುದು ಮಯೂರಶರ್ಮ ಮಾಡಿಸಿದ ಒಂದು ಕೆರೆಯನ್ನು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈಕು ಅವರ ಹೊಲದ ಬದಿಗೆ ಬಂದಾಗ ಭಾವ ಬೋರ್‌ವೆಲ್ಲಿನ ಪೈಪು ಎಳೆದುಕೊಂಡು ಶುಂಠಿ ಪಟ್ಟೆಗೆ ನೀರು ಬಿಡುತ್ತಿದ್ದರು. ಹಿಂದಿನ ಸೀಟಿನಿಂದ ಮೆಲ್ಲಗೆ ಮಾತು ಬಂತು: "ಆ ಸ್ಕೌಟರ್ ಸರಿಯಿಲ್ಲ ಮಾವ. ಐದು ಅಂತೆ, ಐದು."